ಮೆಟುಚೆನ್ನಿನಲ್ಲಿ ಗಂಗವ್ವ ಹೇಳಿದ ನಿಜ

ಬೆಳಿಗ್ಗೆ ಏಳಕ್ಕೆ ಫೋರ್ಟ್ ಲೀಯಲ್ಲಿ ಬಸ್ಸು ಹತ್ತಿದೆ. ಸುರಂಗ ದಾಟಿ ನ್ಯೂಯಾರ್ಕ್, ಅಲ್ಲಿಂದ ಮಗನ ಮನೆಯಿರುವ ಮೆಟುಚೆನ್ನಿಗೆ ರೈಲಿನಲ್ಲಿ ಮುಕ್ಕಾಲು ಗಂಟೆಗೂ ಸ್ವಲ್ಪ ಮೇಲೆ. ಹಿರಿಯರಿಗೆ ಅರ್ಧ ಟಿಕೆಟ್, ಕಿಟಕಿಯ ಸೀಟು, ಎಳೆಬಿಸಿಲು. ಮೂರೂ ಚಾಮುಂಡಮ್ಮನ ದಯೆ ಎಂದುಕೊಂಡೆ. ನನಗಿದ್ದ ನೆಗಡಿಯಿಂದಾಗಿ ಹದಿನೈದು ದಿನದ ಮೊಮ್ಮಗಳನ್ನು ಇನ್ನೂ ಎತ್ತಿಕೊಂಡಿರಲಿಲ್ಲ. ಚೀಲದಲ್ಲಿ ಸೊಸೆ ಸಹನಾಗೆ ಅಂಟಿನುಂಡೆ ಇತ್ತು. ಬಾಣಂತನಕ್ಕೆ ಅವಳ ತಾಯಿ, ನನ್ನ ಬೀಗಿತ್ತಿ ಗಂಗವ್ವ, ಧಾರವಾಡದಿಂದ ಬಂದಿದ್ದರು.

ನಾನು ತಲುಪಿದಾಗ ಗಂಗವ್ವ ಮಗುವಿಗೆ ನೀರು ಹಾಕಿ ಒರೆಸುತ್ತಿದ್ದರು. ಮಗುವಿನ ಬಲ ಎದೆ ನಿಂಬೆಹಣ್ಣಿನಷ್ಟು ಊದಿ ಕೆಂಪಾಗಿತ್ತು. ಮುಟ್ಟಿದರೆ ಬಿಸಿ, ಮಗು ಕಿರುಚಿತು. ನಿನ್ನೆ ಇಷ್ಟಿರಲಿಲ್ಲ ಎಂದಳು ಸಹನಾ. ಮಗ ಮೀಟಿಂಗ್ ಬಿಟ್ಟು ಕಾರು ತೆಗೆದ. ಉಂಡೆಯ ಡಬ್ಬಿ ಚೀಲದಲ್ಲೇ ಉಳಿಯಿತು.

ಆಸ್ಪತ್ರೆಯ ಡಾಕ್ಟರಮ್ಮ ಕೇಳಿದ ಮೊದಲ ಪ್ರಶ್ನೆಯೇ, ಯಾರಾದರೂ ಎದೆ ಹಿಂಡಿದ್ದೀರಾ ಎಂದು. ಸಹನಾ ಥಟ್ಟನೆ "ನೋ" ಎಂದಳು. ಗಂಗವ್ವನಿಗೆ ಇಂಗ್ಲಿಷ್ ಬಾರದು. ಮಾತು ಅಲ್ಲಿಗೇ ನಿಲ್ಲಲಿ ಎಂದು ನನಗೂ ಅನ್ನಿಸಿತು. ಆದರೂ ಆ ಪ್ರಶ್ನೆಯನ್ನು ಗಂಗವ್ವನಿಗೆ ಕನ್ನಡದಲ್ಲಿ ಹೇಳಿದೆ. ಅವರು ಸೆರಗಿಗೆ ಕೈ ಒರೆಸಿಕೊಂಡರು.

"ನಾನೇ ಹಿಂಡೇನ್ರಿ, ಮೂರು ದಿವ್ಸ. ನಮ್ಮ ಕಡೆ ಕೂಸಿನ ಎದಿ ಹಾಲು ತೆಗೀತಾರ. ಅಕ್ಕಾರ, ಮುಚ್ಚಬ್ಯಾಡ್ರಿ. ಇದ್ದದ್ದು ಇದ್ದಂಗ ಹೇಳ್ರಿ."

ಇದ್ದದ್ದನ್ನು ಇದ್ದಂತೆ ಇಂಗ್ಲಿಷಿನಲ್ಲಿ ಹೇಳಿದೆ. ಡಾಕ್ಟರಮ್ಮ ಬೈಯಲಿಲ್ಲ. ತಾಯಿಯ ಹಾರ್ಮೋನಿನಿಂದ ಎಳೆಮಗುವಿನ ಎದೆ ಊದುತ್ತದೆ, ಮುಟ್ಟದೆ ಬಿಟ್ಟರೆ ತಾನೇ ಇಳಿಯುತ್ತದೆ. ಹಿಂಡಿದರೆ ಸೋಂಕು ಒಳಹೋಗಿ ಕೀವು ಕಟ್ಟಬಹುದು, ರಕ್ತಕ್ಕೆ ಸೇರಿದರೆ ಜೀವಕ್ಕೇ ಅಪಾಯ, ಹೆಣ್ಣುಮಗುವಾದರೆ ಮುಂದೆ ಎದೆ ಸರಿಯಾಗಿ ಬೆಳೆಯದಿರಬಹುದು ಎಂದರು. ಮೈಸೂರಿನಲ್ಲಿ ನನ್ನ ಮಗನಿಗೂ ಹಿಂಡಿದ್ದೆವು. ಅದನ್ನು ನಾನು ಅಲ್ಲಿ ಹೇಳಲಿಲ್ಲ.

ಸ್ಕ್ಯಾನಿನಲ್ಲಿ ಕೀವು ಕಂಡಿರಲಿಲ್ಲ. ಆದರೂ ಮಗುವನ್ನು ಅಲ್ಲೇ ಇರಿಸಿಕೊಂಡರು, ನರಕ್ಕೆ ಔಷಧಿ ಹೋಗುತ್ತಿತ್ತು. ಗಂಗವ್ವ ಆ ಪುಟ್ಟ ಕೈಯ ಸೂಜಿಯನ್ನೇ ನೋಡುತ್ತಾ ಕುಳಿತರು. ನಾನು ಚಾಮುಂಡಮ್ಮನ ಕುಂಕುಮದ ಪೊಟ್ಟಣ ಹಿಡಿದು ಕುಳಿತೆ. ಮೂರನೆಯ ದಿನ ಕೆಂಪು ಇಳಿಯಿತು, ಮಗು ಹೊಟ್ಟೆ ತುಂಬ ಹಾಲು ಕುಡಿಯಿತು. ರಕ್ತದ ಪರೀಕ್ಷೆಯೂ ಚೊಕ್ಕ ಬಂತು.

ಐದನೆಯ ದಿನ ಎಲ್ಲರೂ ಮನೆಗೆ ಬಂದೆವು. ಡಬ್ಬಿ ತೆರೆದು ಸಹನಾ ಕೈಗೆ ಮೊದಲ ಉಂಡೆ ಕೊಟ್ಟು ನಾನು ಹೊರಟೆ. ಗಂಗವ್ವ ಸ್ಟೇಷನ್ನಿಗೆ ಬಂದರು. ಪ್ಲಾಟ್‌ಫಾರ್ಮಿನಲ್ಲೇ ಧಾರವಾಡದ ತಂಗಿಗೆ ಫೋನು. ತಂಗಿಯ ಸೊಸೆಗೆ ದಿನ ತುಂಬಿದ್ದವು.

"ಕೂಸಿನ ಎದಿಗೆ ಕೈ ಹಚ್ಚಬ್ಯಾಡ. ಯಾರರ ಕೇಳಿದ್ರ ನನ್ನ ಹೆಸರು ಹೇಳು. ನಾ ಹಿಂಡಿದ್ದಕ್ಕ ನಮ್ಮ ಕೂಸು ದವಾಖಾನಿಗೆ ಹೋತು."

ರೈಲು ಹೊರಟಿತು. ಫೋನು ಕಿವಿಯಲ್ಲೇ ಇಟ್ಟು ಅವರು ಇನ್ನೊಂದು ಕೈ ಬೀಸಿದರು. ನಾನು ಪಕ್ಕದ ಸೀಟಿನ ಅಪರಿಚಿತ ಹೆಂಗಸಿಗೆ ಕಿಟಕಿಯಾಚೆ ತೋರಿಸಿ, ಅವರು ನಮ್ಮ ಬೀಗಿತ್ತಿ ಎಂದು ನನ್ನ ಹರಕು ಇಂಗ್ಲಿಷಿನಲ್ಲೇ ಹೇಳಿದೆ.