ಏರಿಗಿಂತ ಮೊದಲು ನೀಲಿ ಲಿವರ್

ಆ ನೀಲಿ ಲಿವರ್ ನೆನೆದರೆ ಈಗಲೂ ಮೈ ಉರಿಯುತ್ತದೆ. ವಿಮಾನ ಹಾರಿಸಲು ಕಲಿಯುತ್ತಿದ್ದ ಮೊದಲ ವರ್ಷ ನಾನು ಕರಿ ಲಿವರ್ ಒಂದನ್ನು ನೋಡಿಕೊಂಡರೆ ಸಾಕಿತ್ತು. ಮುಂದೆ ಒತ್ತಿದರೆ ಎಂಜಿನ್ ಜೋರು, ಹಿಂದೆಳೆದರೆ ಮೆತ್ತಗೆ. ಎರಡನೆಯ ವರ್ಷ ಕೊಟ್ಟ ವಿಮಾನದಲ್ಲಿ ಅದರ ಪಕ್ಕ ನೀಲಿಯೊಂದು ಬಂದು ಕೂತಿತ್ತು. ಮುಂದೆ ತಿರುಗುವ ಪ್ರೊಪೆಲರಿನ ಎಲೆಗಳ ಓರೆಯನ್ನು ಹೆಚ್ಚುಕಡಿಮೆ ಮಾಡುವುದು ಅದರ ಕೆಲಸ. ಮೇಲೇರುವಾಗ ಮೊದಲು ನೀಲಿ, ಆಮೇಲೆ ಕರಿ. ಇಷ್ಟೇ.

ಬಾಯಿಗೆ ಬಂತು, ಕೈಗೆ ಬರಲಿಲ್ಲ. ಕಲಿಸುವ ಸರ್ ಏರು ಎಂದೊಡನೆ ಕೈ ಕರಿಗೇ ಹೋಗುತ್ತಿತ್ತು. ಎಂಜಿನ್ ಗುರುಗುಟ್ಟುತ್ತಿತ್ತು, ಸರ್ ಅದಕ್ಕಿಂತ ಜೋರಾಗಿ. ಎರಡು ಸಲ ಫೇಲಾದೆ. ಮೂರನೆಯ ಸಲವೂ ಹೀಗಾದರೆ ಗಂಟುಮೂಟೆ ಕಟ್ಟು ಎಂದು ಹೇಳಿ ಹತ್ತು ದಿನ ರಜೆ ಕೊಟ್ಟರು.

ನಮ್ಮೂರು ತಾಂಬಾಕ್ಕೆ ಬಂದವಳು ಜೋಳದ ಡಬ್ಬಿಯಲ್ಲಿ ಎರಡು ಸೌಟು ನೆಟ್ಟು, ಒಂದು ಕರಿ, ಒಂದು ನೀಲಿ ಎಂದುಕೊಂಡು ಅಭ್ಯಾಸಕ್ಕೆ ಕುಳಿತೆ. ಅವ್ವ ಬಂದು ನೀಲಿಯನ್ನೇ ಕಿತ್ತುಕೊಂಡು ಬೇಳೆ ಬಡಿಸಿದಳು.

"ರೊಟ್ಟಿ ಬಡಿ ಅಂದ್ರ ಬ್ಯಾಸರ. ಜ್ವಾಳದಾಗ ಸೌಟು ನೆಡಾಕ ಎಲ್ಲಿಂದ ಬರ್ತೈತಿ ಇಷ್ಟು ಹುರುಪು?"

ಎಂಟನೆಯ ದಿನ ಅಪ್ಪನ ಟ್ರ್ಯಾಕ್ಟರ್ ನಾನೇ ಹೊಡೆದೆ. ಹಿಂದೆ ಕಬ್ಬು ತುಂಬಿದ ಟ್ರೇಲರ್, ಮುಂದೆ ಕಾಲುವೆ ದಾಟುವ ಏರು. ಹಳೆಯ ಟ್ರ್ಯಾಕ್ಟರಿಗೆ ಎಂಜಿನ್ ಜೋರು ಮಾಡುವ ರೇಸಿನ ಹಿಡಿ ಕೈಯ ಹತ್ತಿರವೇ ಇದೆ. ಏರು ಕಂಡದ್ದೇ ತಡ, ಅದನ್ನು ಜಗ್ಗಿದೆ. ಟ್ರ್ಯಾಕ್ಟರ್ ಅರ್ಧ ಏರಿನಲ್ಲಿ ನರಳತೊಡಗಿತು. ಕ್ಲಚ್ ಒತ್ತಿ ಒದ್ದಾಡಿದೆ. ಸುಟ್ಟ ವಾಸನೆ ಬಂತು. ಪಕ್ಕದಲ್ಲಿ ಕೂತಿದ್ದ ಅಪ್ಪ ಇಳಿದು ಗಾಲಿಗೆ ಕಲ್ಲು ಕೊಟ್ಟು ನನ್ನತ್ತ ತಿರುಗಿದ.

"ಏರು ಬರೂದ್ರಾಗ ಗೇರ್ ಮೊದಲ ಇಳಸು, ಆಮ್ಯಾಲ ರೇಸ್ ಕೊಡು. ಎಷ್ಟು ಸಲ ಹೇಳ್ಬೇಕವ್ವಾ ನಿನಗ?"

ನೀಲಿ ಲಿವರ್ ಅಂದರೆ ಗೇರು, ಕರಿ ಅಂದರೆ ರೇಸು. ಮೂರು ದಪ್ಪ ಪುಸ್ತಕ ಓದಿದವಳಿಗೆ ಇದು ಹೊಳೆದಿರಲಿಲ್ಲ. ಇಷ್ಟು ಸುಲಭದ ಮಾತನ್ನು ಯಾರಾದರೂ ಮೊದಲೇ ಹೇಳಬಾರದಿತ್ತೇ ಎಂದು ಸಿಟ್ಟು ಬಂತು. ಹೇಳಿದ್ದರು. ಅಪ್ಪನೇ, ನಾನು ಸ್ಟಿಯರಿಂಗ್ ಹಿಡಿದಾಗಿನಿಂದ. ಆಗ ನನ್ನ ಮೇಲೆ ಇನ್ನೂ ಹೆಚ್ಚು ಸಿಟ್ಟು ಬಂತು.

ಮೂರನೆಯ ಪರೀಕ್ಷೆಯ ದಿನ ಸರ್ ಏರು ಎಂದಾಗ ಕೈ ಎಂದಿನಂತೆ ಕರಿಯತ್ತ ಹೊರಟಿತ್ತು. "ಗೇರ್ ಮೊದಲ ಇಳಸು" ಎಂದು ನನ್ನ ಬಾಯೇ ನನಗೆ ಬೈಯಿತು. ನೀಲಿ ಮುಂದೆ ಹೋಯಿತು, ಎಂಜಿನ್ನಿನ ದನಿ ಹಗುರಾಯಿತು, ಆಮೇಲೆ ಕರಿ. ವಿಮಾನ ತಕರಾರಿಲ್ಲದೆ ಏರಿತು. ಸರ್ ತಮ್ಮ ಹಾಳೆಯಲ್ಲಿ ಪಾಸು ಎಂದು ಬರೆದರು.

ಇಳಿದವಳೇ ಮನೆಗೆ ಫೋನ್ ಮಾಡಿದೆ. "ಪಾಸ್ ಆದ್ನಿ ಅಪ್ಪಾ. ನೀ ಬೈದದ್ದ ಉಪಯೋಗಕ್ಕ ಬಂತು."

"ಛಲೋ ಆತು ಬಿಡವ್ವಾ," ಎಂದ ಅಪ್ಪ. ಹಿಂದೆ ನಟ್ಟು ಬಿಚ್ಚುವ ಪಾನಾ ಬಿದ್ದ ಸದ್ದು. "ನಾ ಇಲ್ಲಿ ಇನ್ನೂ ನೀ ಸುಟ್ಟ ಕ್ಲಚ್ ಬಿಚ್ಚಿಕೊಂಡು ಕುಂತೇನಿ. ಈ ಸಲ ಬಂದಾಗ ಟ್ರ್ಯಾಕ್ಟರ್ ಹೊಡಿಯೂದೂ ಒಂದೀಟು ಕಲಿ."