ನರಸಮ್ಮನ ಬೆರಳು ಮತ್ತು ಫಸ್ಟ್ ಶಿಫ್ಟ್

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಯಶವಂತಪುರದ ಒಂದು ಸಣ್ಣ ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಸ್ಟ್ ಆಗಿದ್ದೆ. ಆರ್.ಟಿ. ನಗರದಿಂದ ಬಸ್ಸಿನಲ್ಲಿ ಬಂದು ಒಂಬತ್ತಕ್ಕೆ ಕೋಣೆ ತೆರೆಯುತ್ತಿದ್ದೆ. ಮಧ್ಯಾಹ್ನ ಒಂದಕ್ಕೆ ಬೀಗ. ಆ ವೇಳೆ ಯಾರಿಗೆ ಅನುಕೂಲ ಎಂದು ಯಾವತ್ತೂ ಯೋಚಿಸಿರಲಿಲ್ಲ.

ಬ್ಯಾಟರಾಯನಪುರದ ನರಸಮ್ಮ ಹತ್ತಿರದ ಗಾಜಿನ ಬಾಟಲಿ ಕಾರ್ಖಾನೆಯಲ್ಲಿದ್ದಳು. ಮೂವತ್ತನಾಲ್ಕು ವರ್ಷ. ಒಡೆದ ಬಾಟಲಿ ಹೊಕ್ಕು ಬಲಗೈಯ ಎರಡು ಬೆರಳಿನ ಟೆಂಡನ್, ಎಂದರೆ ಬೆರಳನ್ನು ಮಡಿಸುವ ನರದಂಥ ಹುರಿ, ತುಂಡಾಗಿತ್ತು. ಸರ್ಜನ್ ಹೊಲಿದಿದ್ದರು. ಆಮೇಲೆ ವಾರಕ್ಕೆ ಮೂರು ದಿನ ವ್ಯಾಯಾಮ ಮಾಡಿಸದಿದ್ದರೆ ಆ ಹುರಿ ಸುತ್ತಲಿನ ಮಾಂಸಕ್ಕೆ ಅಂಟಿಕೊಂಡು ಬೆರಳು ಸೆಟೆದುಬಿಡುತ್ತದೆ.

ಮೊದಲ ವಾರ ಬಂದಳು. ರಜೆ ಮುಗಿಯಿತು, ಎಡಗೈಯಲ್ಲೇ ಬಾಟಲಿ ವಿಂಗಡಿಸಲು ಕೂರಿಸಿದರು. ಬೆಳಗಿನ ಆರರಿಂದ ಎರಡರವರೆಗೆ ಶಿಫ್ಟ್. ಎರಡು ವಾರ ಅವಳ ಸುಳಿವಿಲ್ಲ. ಆಮೇಲೆ ಒಂದು ದಿನದ ಸಂಬಳ ಬಿಟ್ಟು ಬಂದಾಗ ಸಾಲಿನಲ್ಲಿದ್ದವರ ಎದುರೇ ಬೈದೆ. ಅವಳ ಚಿಕಿತ್ಸೆಯ ಕಾರ್ಡಿನ ಮೇಲೆ ಕೆಂಪು ಶಾಯಿಯಲ್ಲಿ ‘ಇರ್ರೆಗ್ಯುಲರ್’ ಎಂದು ಬರೆದೆ.

ಅವಳು ತಲೆ ತಗ್ಗಿಸಲಿಲ್ಲ. “ಫ್ಯಾಕ್ಟ್ರಿ ಟೈಮ್ಗೂ ನಾನೇ ಓಗ್ಬೇಕು, ನಿಮ್ ಟೈಮ್ಗೂ ನಾನೇ ಬರ್ಬೇಕು. ಇರೋಳು ನಾನೊಬ್ಳೇ ಅಲ್ವಾ?” ಎಂದಳು.

ಉದ್ಧಟತನ ಅನ್ನಿಸಿತು. ಆದರೂ ಕಾರ್ಡನ್ನು ಕಾರ್ಖಾನೆಯಲ್ಲಿ ತೋರಿಸಿ ವಾರಕ್ಕೆ ಮೂರು ಬೆಳಗ್ಗೆ ಪರ್ಮಿಷನ್ ಕೇಳು ಎಂದೆ. ಕೇಳಿದಳು. ಕಾರ್ಡನ್ನು ಇಟ್ಟುಕೊಂಡರು, ಪರ್ಮಿಷನ್ ಕೊಡಲಿಲ್ಲ. ಮರುವಾರ ನಾನೇ ಕಾರ್ಖಾನೆಗೆ ಹೋದೆ.

ಪರ್ಸೊನೆಲ್ ಆಫೀಸರ್ ನನಗೆ ಕುರ್ಚಿ ತೋರಿಸಲಿಲ್ಲ. ನರಸಮ್ಮನ ಕಾರ್ಡನ್ನು ಫೈಲಿನಿಂದ ತೆಗೆದು ಮುಂದೆ ತಳ್ಳಿದ. “ನೀವೇ ಬರೆದಿದೀರಲ್ಲ ಮೇಡಂ, ಇರ್ರೆಗ್ಯುಲರ್ ಅಂತ. ಅವಳಿಗೇ ಬೇಡದ ಟ್ರೀಟ್‌ಮೆಂಟ್‌ಗೆ ನಾವ್ಯಾಕೆ ಪರ್ಮಿಷನ್ ಕೊಡ್ಬೇಕು?”

ಪರ್ಮಿಷನ್ ಇಲ್ಲದ್ದಕ್ಕೇ ಅವಳು ಬರಲಿಲ್ಲ ಎಂದು ಎಷ್ಟು ಹೇಳಿದರೂ ಅವನ ಬೆರಳು ಆ ಕೆಂಪು ಅಕ್ಷರದ ಮೇಲಿಂದ ಕದಲಲಿಲ್ಲ. ಅವನ ಮೇಲೆ ಬಂದ ಸಿಟ್ಟಿಗಿಂತ ನನ್ನ ಮೇಲೆ ಬಂದದ್ದು ಹೆಚ್ಚು.

ಮಧ್ಯಾಹ್ನವೂ ಕೋಣೆ ತೆರೆಯಲು ನಮ್ಮ ಸೂಪರಿಂಟೆಂಡೆಂಟರನ್ನು ಕೇಳಿದೆ. ಒಬ್ಬಳಿಗೆ ತೆರೆದರೆ ನಾಳೆ ಎಲ್ಲರೂ ಬರುತ್ತಾರೆ ಎಂದು ಗದರಿಸಿ ಕಳಿಸಿದರು. ನಾನು ಹಟಕ್ಕೆ ಬಿದ್ದೆ. ವಾರಕ್ಕೆ ಮೂರು ದಿನ ಡ್ಯೂಟಿ ಮುಗಿದ ಮೇಲೂ ಉಳಿದು, ಎರಡೂವರೆಗೆ ಮೊಗಸಾಲೆಯ ಬೆಂಚಿನ ಮೇಲೆ ಅವಳ ಕೈ ಹಿಡಿದು ಕೂರುತ್ತಿದ್ದೆ. ಅವಳು ಗೋಡೆ ನೋಡುತ್ತಿದ್ದಳು. ಎರಡು ತಿಂಗಳಿಗೆ ನಡುಬೆರಳು ಪೂರ್ತಿ ಮಡಚಿತು. ಉಂಗುರದ ಬೆರಳು ಅರ್ಧಕ್ಕೇ ನಿಂತಿತು.

ಕಡೆಯ ದಿನ ಕೇಳಿದಳು: “ಮೊದ್ಲೇ ಇಂಗೆ ಮಾಡಿದ್ರೆ ಎಲ್ಡೂ ಬರ್ತಿತ್ತಾ?”

“ಬರ್ತಿತ್ತು,” ಎಂದೆ.

ಅವಳು ಊಟದ ಡಬ್ಬಿಯ ಚೀಲ ಹೆಗಲಿಗೆ ಹಾಕಿಕೊಂಡು ಹೋದಳು. ಹೋಗಿಬರ್ತೀನಿ ಎನ್ನಲಿಲ್ಲ.

ನಿವೃತ್ತಿಯವರೆಗೂ ಯಾವ ರೋಗಿಗೂ ಮೊದಲು ‘ನಿಮ್ಮ ಕೆಲಸ ಎಷ್ಟು ಗಂಟೆಗೆ ಬಿಡುತ್ತೆ?’ ಎಂದು ಕೇಳದೆ ನಾನು ವೇಳೆ ಕೊಡಲಿಲ್ಲ. ಬಾರದವರನ್ನು ಬೈಯುವುದು ಬಹಳ ಸುಲಭ. ಅವರು ಬರುವುದಕ್ಕೆ ದಾರಿ ಇತ್ತೇ ಎಂದು ನೋಡುವುದೂ ಚಿಕಿತ್ಸೆಯ ಭಾಗ ಎಂಬುದನ್ನು ನಾನು ಕಲಿತದ್ದು ಇನ್ನೊಬ್ಬಳ ಬೆರಳಿನಿಂದ.