ಜೀಪಿನ ಲೆಕ್ಕದ ಕುರ್ಚಿ

ಮಂಗಳೂರಿನ ಅಂಗಡಿಯಲ್ಲಿ ಅಣ್ಣ ಮೊದಲು ಮಾಡಿದ ಕೆಲಸವೆಂದರೆ ನೆಲಕ್ಕೆ ಮಂಡಿಯೂರಿ ಮೋಟಾರಿನ ಗಾಲಿಕುರ್ಚಿಯ ಅಡಿಗೆ ಇಣುಕಿದ್ದು. "ಫೋರ್ ವೀಲ್ ಡ್ರೈವ್ ಇಲ್ವಾ ಇದಕ್ಕೆ?" ಎಂದು ಕೇಳಿದ. ಬಾಡಿಗೆ ಜೀಪು ಓಡಿಸುವವನು. ಅವನ ಕಣ್ಣಿಗೆ ಚಕ್ರವಿದ್ದದ್ದೆಲ್ಲ ಜೀಪೇ. ಅಂಗಡಿಯವರೂ ಅವನನ್ನೇ ವಿಚಾರಿಸತೊಡಗಿದರು: "ಅವರ ತೂಕ ಎಷ್ಟು? ಅವರಿಗೆ ಯಾವ ಕೈ ಅನುಕೂಲ?" ಪೋಲಿಯೊ ಬಂದದ್ದು ನನ್ನ ಕಾಲಿಗೆ, ಬಾಯಿಗಲ್ಲ. "ಕೂರೋಳು ನಾನು, ನನ್ನನ್ನ ಕೇಳಿ" ಎಂದೆ. ಆಮೇಲೆ ಸ್ವಲ್ಪ ಮರ್ಯಾದೆ ಸಿಕ್ಕಿತು.

ಮೊಬೈಲು ಇನ್ನೂ ಎಲ್ಲರ ಜೇಬಿಗೆ ಬಂದಿರದ ಕಾಲ. ಶೆಟ್ಟಿಕೊಪ್ಪದಲ್ಲಿ ರಸ್ತೆಬದಿಗೆ ನನ್ನ ಎಸ್‌ಟಿಡಿ ಬೂತು, ರಸ್ತೆಯಿಂದ ಕೆಳಗೆ ನಮ್ಮ ಮನೆ, ನಡುವೆ ಜಲ್ಲಿಕಲ್ಲಿನ ಒಂದು ಏರು. ಬೆಳಿಗ್ಗೆ ಅಣ್ಣ ನನ್ನ ಹಳೇ ಗಾಲಿಕುರ್ಚಿಯನ್ನು ತಳ್ಳಿ ಹತ್ತಿಸಬೇಕು, ಸಂಜೆ ಹಿಡಿದು ಇಳಿಸಬೇಕು. ಫೋನಿನ ರೇಟು ಇಳಿದು ಜನ ಬರುವುದೇ ಕತ್ತಲಾದ ಮೇಲೆ. ಅಷ್ಟರಲ್ಲಿ ಅಣ್ಣ ಬಂದು ನಿಂತಿರುತ್ತಿದ್ದ, ನಾನು ಬಾಗಿಲು ಹಾಕಬೇಕಿತ್ತು. ದೂರದ ಊರಿಗೆ ಕೊಟ್ಟ ಮಗಳ ಜೊತೆ ಮಾತಾಡಲು ಬಂದವರು ಹಾಗೇ ವಾಪಸು ಹೋಗುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತಿತ್ತು. ನನಗೆ ಬೇಕಾಗಿದ್ದು ಇಷ್ಟೇ: ಆ ಏರನ್ನು ನಾನೊಬ್ಬಳೇ ಹತ್ತಬೇಕು, ನನಗೆ ಬೇಕೆನಿಸಿದಾಗ ಇಳಿಯಬೇಕು.

ನಡುವೆ ದೊಡ್ಡ ಚಕ್ರವಿದ್ದ ಕುರ್ಚಿ ಅಂಗಡಿಯ ನುಣ್ಣನೆ ನೆಲದಲ್ಲಿ ಬುಗುರಿಯಂತೆ ನಿಂತಲ್ಲೇ ತಿರುಗಿತು. ಎಲ್ಲರೂ ಅದನ್ನೇ ಹೊಗಳಿದರು. ಹೊರಗೆ ತೆಗೆದುಕೊಂಡು ಹೋಗಿ ರಸ್ತೆಬದಿಯ ಗುಂಡಿಗೆ ಇಳಿಸಿದೆ, ಅಲ್ಲೇ ಒದ್ದಾಡಿತು. ಹಿಂದಿನ ಚಕ್ರಕ್ಕೆ ಮೋಟಾರಿದ್ದ ಕುರ್ಚಿಗೆ ತಿರುಗಲು ಹೆಚ್ಚು ಜಾಗ ಬೇಕಾಗಿತ್ತು, ಆದರೆ ಅದು ಗುಂಡಿಯನ್ನು ಲೆಕ್ಕಕ್ಕಿಡದೆ ನೇರ ಹೋಯಿತು. ಅದನ್ನೇ ಆರಿಸಿದೆ. ಓಡಿಸುವ ಹಿಡಿಯನ್ನು ಎಡಗಡೆಗೆ ಹಾಕಿಸಿದೆ, ಬಲಗೈ ಫೋನಿಗೆ ಬೇಕಲ್ಲ. ಕಾಲಿಡುವ ಹಲಗೆ ಏರಿನಲ್ಲಿ ನೆಲಕ್ಕೆ ತಾಗದಂತೆ ತುಸು ಎತ್ತಿಸಿದೆ.

ಅಣ್ಣನಿಗೆ ಸಮಾಧಾನವಿಲ್ಲ. ನಮ್ಮ ಕಡೆಯ ಜೀಪಿನವರದ್ದು ಒಂದು ಲೆಕ್ಕ: ಏರಿನಲ್ಲಿ ಚಕ್ರ ಜಾರಿದರೆ ಹಿಂದೆ ಭಾರ ಹಾಕು. ಖಾಲಿ ಜೀಪಾದರೆ ದಾರಿಯಲ್ಲಿ ಸಿಕ್ಕವರನ್ನು ಹಿಂದೆ ಹತ್ತಿಸಿಕೊಳ್ಳುತ್ತಾರೆ, ಜನ ಸಿಗದಿದ್ದರೆ ಕಲ್ಲು. ಅಣ್ಣ ನನಗೆ ಹೇಳದೆ ಕುರ್ಚಿಯನ್ನು ನರಸಿಂಹರಾಜಪುರದ ವೆಲ್ಡಿಂಗ್ ಅಂಗಡಿಗೆ ಒಯ್ದು, ಕಬ್ಬಿಣದ ಕ್ಯಾರಿಯರ್ ಮಾಡಿಸಿ, ಬೆನ್ನಿನ ಹಿಂದೆ ಬೋಲ್ಟ್ ಹಾಕಿಸಿಕೊಂಡು ಬಂದ. ಅದರ ತುಂಬ ಕಲ್ಲು. "ಈಗ ನೋಡು ಗ್ರಿಪ್ಪು" ಎಂದ.

ಏರಿನ ಅರ್ಧಕ್ಕೆ ಬಂದಿದ್ದೆವು. ಮುಂದಿನ ಚಕ್ರಗಳು ಎದ್ದವು. ರಸ್ತೆ ಕಾಣಬೇಕಾದಲ್ಲಿ ಆಕಾಶ ಕಂಡಿತು. ಕುರ್ಚಿ ಹಿಂದಕ್ಕೆ ಮಗುಚದಂತೆ ಹಾಕಿದ್ದ ಪುಟ್ಟ ಆಸರೆ ಚಕ್ರಗಳು ನೆಲ ಕಚ್ಚಿ ನಿಂತವು, ಅಣ್ಣನೂ ಬೆನ್ನು ಕೊಟ್ಟು ತಡೆದ.

"ನೋಡಿದ್ಯಾ? ನಾನಿರ್ಲಿಲ್ಲ ಅಂದ್ರೆ ಎಂತ ಆಗ್ತಿತ್ತು? ಇದರ ಸಹವಾಸವೇ ಬೇಡ ಮಾರಾಯ್ತಿ. ನಾಳೆಯಿಂದ ಹಳೇ ಕುರ್ಚಿನೇ, ನಾನೇ ತಳ್ತೀನಿ."

"ನೀನಿರ್ಲಿಲ್ಲ ಅಂದ್ರೆ ಕಲ್ಲೂ ಇರ್ತಿರ್ಲಿಲ್ಲ!" ಎಂದೆ. ಸಿಟ್ಟಿನ ಜೊತೆ ಅಳುವೂ ಬಂತು. ಹಿಂದೆ ಭಾರ ಹಾಕಬೇಡಿ ಎಂದು ಅಂಗಡಿಯಲ್ಲಿ ಹೇಳಿದ್ದು ನನಗೂ ಆಗಲೇ ನೆನಪಾದದ್ದು. ಅವರು ಹೇಳುವಾಗ ಇವನು ಟೈರು ಒತ್ತಿ ನೋಡುತ್ತಿದ್ದ.

ಅತ್ತಿಗೆ ಜಗಲಿಯಿಂದಲೇ ಗಂಡನಿಗೆ ಹೇಳಿದರು: "ಅದು ಜೀಪಲ್ಲ ಮಾರಾಯ್ರೆ. ಕಲ್ಲು ಇಳಿಸಿ. ನೀವೂ ಸ್ವಲ್ಪ ಅತ್ಲಾಗೆ ಸರೀರಿ."

ಅಣ್ಣ ಮುಖ ಊದಿಸಿಕೊಂಡೇ ಸ್ಪ್ಯಾನರ್ ತಂದು ಕ್ಯಾರಿಯರ್ ಬಿಚ್ಚಿದ. ನಾನು ಹೇಳಿದಂತೆ ಸೀಟನ್ನು ಒಂದು ತೂತು ಮುಂದಕ್ಕೆ ಸರಿಸಿ ಬಿಗಿದ. ನಾನು ಮೈಯನ್ನು ಮುಂದಕ್ಕೆ ಬಾಗಿಸಿ ಕುರ್ಚಿಯನ್ನು ಮೆಲ್ಲಗೆ ಓಡಿಸಿದೆ. ಜಲ್ಲಿ ಕರಕರ ಅಂದಿತು, ಚಕ್ರ ಏಳಲಿಲ್ಲ. ರಸ್ತೆಗೆ ಬಂದು ತಿರುಗಿಸಿ ನೋಡಿದರೆ ಅಣ್ಣ ಹಿಂದೆಯೇ ಹತ್ತಿ ಬಂದಿದ್ದ, ತಳ್ಳುವವನಂತೆ ಎರಡೂ ಕೈ ಚಾಚಿಕೊಂಡು. ಆ ಕೈಗಳನ್ನು ಎಲ್ಲಿ ಇಡಬೇಕೆಂದು ಅವನಿಗೆ ತಿಳಿಯಲಿಲ್ಲ.

ಅವತ್ತು ಸಂಜೆ ಬೂತಿನಲ್ಲಿ ದೀಪ ಹಾಕಿ ಕೂತೆ. ಜನ ಬಂದರು. ಮಾಮೂಲಿ ಹೊತ್ತಿಗೆ ಅಣ್ಣನ ಜೀಪೂ ಬಂದು ನಿಂತಿತು.

"ನಾನೇ ಬರ್ತೀನಣ್ಣ, ನೀನು ಮನೆಗೆ ಹೋಗು" ಎಂದೆ.

ಅವನು ಹೋಗಲಿಲ್ಲ. ಬಾಗಿಲಲ್ಲಿ ನಿಂತು ಜೀಪಿನ ಕೀ ತಿರುಗಿಸುತ್ತಾ, ಅಪ್ಪಣೆ ಕೇಳುವ ದನಿಯಲ್ಲಿ ಕೇಳಿದ: "ಹಾಗಾದ್ರೆ ಇನ್ಮೇಲೆ ನಾನು ಶೃಂಗೇರಿಯ ಸಂಜೆ ಬಾಡಿಗೆ ಹಿಡಿಬಹುದಾ?"

ಕೊಪ್ಪ ಪೇಟೆಯಲ್ಲಿ ಕೊನೇ ಬಸ್ಸು ತಪ್ಪಿಸಿಕೊಂಡವರು ಶೃಂಗೇರಿಗೆ ಜೀಪು ಹುಡುಕುತ್ತಾರೆ, ಜೀಪಿನವರಿಗೆಲ್ಲ ಅದೇ ಒಳ್ಳೆಯ ಬಾಡಿಗೆ. ಇಷ್ಟು ವರ್ಷ ಅದನ್ನು ಬೇರೆಯವರಿಗೆ ಬಿಟ್ಟುಕೊಟ್ಟು ಅವನು ನನ್ನ ಬಾಗಿಲಿಗೆ ಬಂದು ನಿಲ್ಲುತ್ತಿದ್ದ. ಒಂದು ದಿನವೂ ಬಾಯಿ ಬಿಟ್ಟು ಹೇಳಿರಲಿಲ್ಲ. ಏರು ನನ್ನೊಬ್ಬಳದ್ದೇ ಅಂದುಕೊಂಡಿದ್ದೆ.



"ಹೋಗಣ್ಣ" ಎಂದೆ. "ಬರೋದು ತಡ ಆದ್ರೆ ಬೂತಿಗೊಂದು ಫೋನ್ ಮಾಡು. ನಾನಿಲ್ಲೇ ಇರ್ತೀನಿ."